ಗದಿಗೆಪ್ಪನೂ ಕಾಲಿನ ಬಿಸಿ ನೋಡುವ ಕ್ಯಾಮೆರಾವೂ

೨೦೧೬ನೇ ಇಸವಿ ಮಾರ್ಚ್ ೧೪, ಸೋಮವಾರ. ಆ ದಿನದ ನನ್ನ ಡೈರಿಯಲ್ಲಿ ಎರಡೇ ಸಾಲು ಇವೆ: "ಗದಿಗೆಪ್ಪ ಇಂದಿನಿಂದ ಆಸ್ಪತ್ರೆಯಲ್ಲಿ ಕೆಲಸಕ್ಕೆ. ಆಸ್ಪತ್ರೆಯನ್ನು ದೇವರು ಕಾಪಾಡಲಿ."

ಗದಿಗೆಪ್ಪ ನನ್ನ ಮಗ. ಮೂವರು ಹೆಣ್ಣುಮಕ್ಕಳಾದ ಮೇಲೆ ಹುಟ್ಟಿದವನು. ಹೆಣ್ಣುಮಕ್ಕಳು ಮೂವರೂ ನನ್ನ ಹಾಗೆ ಕಾಲೇಜು ಮುಗಿಸಿ ತಮ್ಮ ತಮ್ಮ ನೌಕರಿ ಹಿಡಿದರು. ಇವನು ನಾನು ಹೇಳಿದ್ದನ್ನು ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ. ಹೇಳಿದ್ದನ್ನೇ ಮಾಡುತ್ತಿದ್ದ, ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೇ ಮಾಡುತ್ತಿದ್ದ.

ಒಂದು ಸಲ ಅಂಗಳದಲ್ಲಿ ಜೋಳ ಹರವಿ, ಗುಬ್ಬಿ ಬಂದರೆ ಓಡಿಸು ಎಂದು ಹೇಳಿ ಒಳಗೆ ಹೋದೆ. ಬಂದು ನೋಡಿದರೆ ಪಕ್ಕದ ಮನೆಯ ಎಮ್ಮೆ ನಿಂತು ಜೋಳ ಮೇಯುತ್ತಿದೆ. ಇವನು ಎಮ್ಮೆಯ ಬೆನ್ನ ಮೇಲೆ ಕೂತ ಗುಬ್ಬಿಯನ್ನು ಓಡಿಸುತ್ತಿದ್ದಾನೆ. ಬೈದೆ. "ನೀ ಗುಬ್ಬಿ ಅಂದಿದ್ದಿ ಅವ್ವಾ, ಎಮ್ಮಿ ಅಂದಿರಲಿಲ್ಲ" ಎಂದ. ಆಗ ಅವನಿಗೆ ಮೂವತ್ತೊಂದು ವರ್ಷ.

ನಾನು ಧಾರವಾಡದಲ್ಲಿ ಬಿ.ಎಸ್‌ಸಿ. ಮಾಡಿ, ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ನನಗೆ ಸಕ್ಕರೆ ಕಾಯಿಲೆ ಹತ್ತಿ ಆಗ ಹತ್ತೊಂಬತ್ತು ವರ್ಷವಾಗಿತ್ತು. ಪ್ರತಿ ತಿಂಗಳ ರಕ್ತದ ಲೆಕ್ಕ ನನ್ನ ಡೈರಿಯಲ್ಲಿದೆ, ಒಂದು ತಿಂಗಳೂ ತಪ್ಪಿಲ್ಲ. ಬರೆಯದೆ ಬಿಟ್ಟದ್ದು ಒಂದೇ ಸಂಗತಿ: ನನ್ನ ಎಡಗಾಲಿನ ಮುಂಭಾಗಕ್ಕೆ ಬಿಸಿಯೂ ತಿಳಿಯುತ್ತಿರಲಿಲ್ಲ, ಕಲ್ಲೂ ತಿಳಿಯುತ್ತಿರಲಿಲ್ಲ. ನನ್ನ ತಂದೆಗೂ ಇದೇ ಕಾಯಿಲೆ ಇತ್ತು. ಅವರ ಅಂಗಾಲಿಗೆ ಜಾಲಿ ಮುಳ್ಳು ನೆಟ್ಟಿದ್ದು ಅವರಿಗೇ ಗೊತ್ತಾಗದೆ, ಕಡೆಗೆ ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಕಾಲನ್ನು ಯಾರಿಗೂ ತೋರಿಸಿರಲಿಲ್ಲ.

ಆಸ್ಪತ್ರೆಯಲ್ಲಿ ನನ್ನನ್ನು ನೋಡುತ್ತಿದ್ದವರು ಡಾಕ್ಟರ್ ನಸೀಮಾ ಬಾಗವಾನ. ಆ ವರ್ಷ ಅವರು ಒಂದು ಸಂಶೋಧನೆ ಹಿಡಿದಿದ್ದರು. ಒಂದು ಕ್ಯಾಮೆರಾ ತರಿಸಿದ್ದರು. ಅದು ಮುಖ ತೆಗೆಯುವ ಕ್ಯಾಮೆರಾ ಅಲ್ಲ, ಬಿಸಿ ತೆಗೆಯುವ ಕ್ಯಾಮೆರಾ. ಕಾಲಿನ ಮುಂದೆ ಹಿಡಿದರೆ ಚರ್ಮದ ಯಾವ ಜಾಗ ಎಷ್ಟು ಕಾದಿದೆ ಎನ್ನುವುದನ್ನು ಬಣ್ಣದಲ್ಲಿ ತೋರಿಸುತ್ತದೆ. ತಣ್ಣಗಿದ್ದರೆ ನೀಲಿ, ಹದವಾಗಿದ್ದರೆ ಹಸಿರು, ಕಾದಿದ್ದರೆ ಕೆಂಪು. ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಹುಣ್ಣು ಏಳುವ ಎಷ್ಟೋ ದಿನ ಮೊದಲೇ ಆ ಜಾಗ ಒಳಗಿನಿಂದ ಕಾಯತೊಡಗುತ್ತದಂತೆ. ಅದನ್ನು ಮೊದಲೇ ಹಿಡಿದರೆ ಎಷ್ಟು ಕಾಲು ಉಳಿದಾವು ಎಂದು ಅಳೆಯುವುದು ಅವರ ಕೆಲಸ. ನೂರಿಪ್ಪತ್ತು ಜನರ ಕಾಲುಗಳನ್ನು ತಿಂಗಳಿಗೊಮ್ಮೆ ನೋಡಬೇಕು. ನನ್ನ ಮೂವತ್ತು ವರ್ಷದ ಪಾಠದಲ್ಲಿ ಶಾಖ ಎಂದರೆ ಕಾಣದ ವಸ್ತು. ಈ ಹೆಣ್ಣುಮಗಳು ಅದನ್ನು ಕಾಣುವಂತೆ ಮಾಡಿದ್ದಳು.

ಮೊದಲು ನಿಮ್ಮ ಕಾಲೇ ತೋರಿಸಿ ಎಂದು ನನ್ನನ್ನು ಕೇಳಿದರು. ನಾನು ಒಪ್ಪಲಿಲ್ಲ. ಊರಿಗೆಲ್ಲ ಪಾಠ ಹೇಳಿದವಳು ಹತ್ತು ಜನರ ಎದುರಿಗೆ ಅಂಗಾಲು ಚಾಚಿ ಕೂಡುವುದೇ? ನೋವಿಲ್ಲ, ಏನೂ ಇಲ್ಲ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಆದರೆ ಪ್ರತಿ ಸಲ ಹೋದಾಗಲೂ ಕೇಳುತ್ತಿದ್ದರು, ಪ್ರತಿ ಸಲವೂ ನಾನು ಇಲ್ಲವೆನ್ನುತ್ತಿದ್ದೆ.

ಅವರಿಗೆ ಒಬ್ಬ ಸಹಾಯಕ ಬೇಕಾಗಿದ್ದ. ಮೊದಲಿದ್ದವನು ಬುದ್ಧಿವಂತ. ರೋಗಿಗಳನ್ನು ಹದಿನೈದು ನಿಮಿಷ ಕೂಡಿಸಿ ಎಂದರೆ ಐದೇ ನಿಮಿಷ ಸಾಕೆಂದು ತಾನೇ ತೀರ್ಮಾನಿಸಿ ಹದಿನೈದು ಎಂದು ಬರೆಯುತ್ತಿದ್ದ. ಸ್ವಂತ ಬುದ್ಧಿ ಓಡಿಸುವವರಿಂದ ಸಾಕಾಗಿದೆ, ಹೇಳಿದಷ್ಟನ್ನೇ ಮಾಡುವವರು ಯಾರಾದರೂ ಇದ್ದರೆ ಹೇಳಿ ಎಂದರು ಡಾಕ್ಟರು.

ಅಂಥವನು ನನ್ನ ಮನೆಯಲ್ಲೇ ಒಬ್ಬನಿದ್ದಾನೆ ಎಂದೆ.

ಮೊದಲ ದಿನ ಡಾಕ್ಟರು ಕೆಲಸ ವಿವರಿಸಿದರು. ಕೋಣೆ ಇಪ್ಪತ್ನಾಲ್ಕು ಡಿಗ್ರಿಯಲ್ಲಿ ಇರಬೇಕು. ಬಂದವರು ಚಪ್ಪಲಿ ಬಿಟ್ಟು ಹದಿನೈದು ನಿಮಿಷ ಸುಮ್ಮನೆ ಕೂಡಬೇಕು. ಆಮೇಲೆ ಗುಂಡಿ ಒತ್ತುವುದು, ಅಷ್ಟೇ. ಬರುವವರೆಲ್ಲ ವಯಸ್ಸಾದವರು, ಮನೆಗೆ ಬಂದ ಹಿರಿಯರ ಹಾಗೆ ನೋಡಿಕೋ ಎಂದು ಕಡೆಗೊಂದು ಮಾತು ಸೇರಿಸಿದರು.

ಅಂದು ಹನ್ನೊಂದು ಜನ ಬಂದರು. ಸಂಜೆ ಡಾಕ್ಟರು ಚಿತ್ರ ನೋಡಿದರೆ ಹನ್ನೊಂದೂ ಜನರ ಕಾಲಿನ ಮೇಲೆ ಸಾಲಾಗಿ ನೀಲಿ ಕಲೆಗಳು. ಪ್ರತಿ ಕಾಲಿಗೆ ಐದೈದು. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. ಕ್ಯಾಮೆರಾ ಕೆಟ್ಟಿತೋ ಎಂದು ನೋಡಿದರು, ಕೆಟ್ಟಿರಲಿಲ್ಲ. ಯಾವ ಪುಸ್ತಕದಲ್ಲೂ ಇಲ್ಲದ ರೋಗ ಸಿಕ್ಕಿತೋ ಎಂದು ಎರಡು ತಾಸು ಪುಸ್ತಕ ತಿರುವಿದರು. ಕಡೆಗೆ ಏನು ಹೊಳೆಯಿತೋ, ಗದಿಗೆಪ್ಪನನ್ನು ಕರೆದು ಚಿತ್ರವಿದ್ದ ಪರದೆಯ ಮುಂದೆ ಅಂಗೈ ಹಿಡಿ ಎಂದರು. ಐದು ಬೆರಳೂ ಐದು ಕಲೆಗೆ ಸರಿಯಾಗಿ ಹೊಂದಿಕೆಯಾದವು. ಇವನು ಮಣ್ಣಿನ ಹರವಿಯ ತಣ್ಣೀರಿನಲ್ಲಿ ಕೈ ತೊಳೆದುಕೊಂಡು, ಚಿತ್ರ ತೆಗೆಯುವ ಮುಂಚೆ ಒಬ್ಬೊಬ್ಬರ ಕಾಲನ್ನೂ ಎರಡೂ ಕೈಯಿಂದ ಭಕ್ತಿಯಿಂದ ಹಿಡಿದು ನಮಸ್ಕಾರ ಮಾಡಿದ್ದ.

"ನೀವ ಹೇಳಿದ್ರಲ್ರೀ ಮೇಡಂ, ಮನಿಗೆ ಬಂದ ಹಿರ್ಯಾರಂಗ ನೋಡ್ಕೋ ಅಂತ. ಮನಿಗೆ ಹಿರ್ಯಾರು ಬಂದ್ರ ಕಾಲ ಮುಟ್ಟಿ ನಮಸ್ಕಾರ ಮಾಡ್ತೀವ್ರಿ."

ನನಗೆ ಸುದ್ದಿ ತಿಳಿದಾಗ ತಲೆ ತಗ್ಗಿಸಿದೆ. ಆದರೂ ಒಳಗೊಳಗೆ ಆ ಯಂತ್ರದ ಮೇಲೆ ಗೌರವ ಹೆಚ್ಚಾಯಿತು. ಮಾಡಿದ ನಮಸ್ಕಾರವನ್ನೂ ಬೆರಳು ಎಣಿಸಿ ತೋರಿಸುವ ಯಂತ್ರವದು. ಡಾಕ್ಟರು ಇವನನ್ನು ಬೈದರು, ಬೈದು ತಿಳಿಹೇಳಿದರು: ಯಾರ ಕಾಲನ್ನೂ ಮುಟ್ಟಬೇಡ. ಆ ಹದಿನೈದು ನಿಮಿಷ ಕಾಲಿಗೆ ಗಾಳಿ ಬಿಟ್ಟು ಬೇರೆ ಏನೂ ತಾಗಕೂಡದು.

ಆಗಲಿ ಎಂದ ಗದಿಗೆಪ್ಪ.

ಮಾರನೆಯ ದಿನ ಒಂಬತ್ತು ಜನ ಬಂದರು. ಇವನು ಒಂಬತ್ತೂ ಜನರನ್ನು ಕುರ್ಚಿಯಲ್ಲಿ ಕೂಡಿಸಿದ. ಕಾಲು ಎತ್ತಿ ಎಂದ. ಎತ್ತಿದರು. ಹಾಗೇ ಹಿಡಿದುಕೊಳ್ಳಿ ಎಂದ. ನೆಲವೂ ತಾಗಬಾರದು, ಸ್ಟೂಲೂ ತಾಗಬಾರದು, ಎಡಗಾಲಿಗೆ ಬಲಗಾಲೂ ತಾಗಬಾರದು. ಎಪ್ಪತ್ತು ವರ್ಷದವರು, ಎಪ್ಪತ್ತೈದು ವರ್ಷದವರು ಕುರ್ಚಿಯ ಕೈ ಬಿಗಿಹಿಡಿದು, ಹಲ್ಲು ಕಚ್ಚಿ, ಎರಡೂ ಕಾಲನ್ನು ಗಾಳಿಯಲ್ಲಿ ಎತ್ತಿಕೊಂಡು ಕೂತರು. ಯಾರ ಕಾಲಾದರೂ ಇಳಿದರೆ ಇವನು ಗಡಿಯಾರವನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದ. ಹಣ್ಣು ಮಾರುವ ಕಾಶಿಬಾಯಿಗೆ ಮೂರು ಸಲ ಮೊದಲಿನಿಂದ ಎಣಿಸಿದ.

"ನಾ ಕಾಲ ತೋರ್ಸಾಕ ಬಂದೀನೋ, ಗರಡಿ ಮನಿಗೆ ಬಂದೀನೋ?" ಎಂದು ಕಾಶಿಬಾಯಿ ಕೂಗಿದ್ದು ಹೊರಗಿನ ಸಾಲಿನವರಿಗೂ ಕೇಳಿತಂತೆ.

ಎತ್ತಿ ಹಿಡಿದ ಕಾಲಿನಿಂದ ರಕ್ತ ಇಳಿದು ಒಂಬತ್ತೂ ಜನರ ಚಿತ್ರ ಪೂರ್ತಿ ನೀಲಿ. ಡಾಕ್ಟರು ಮತ್ತೆ ಬೈದರು. ನೀವು ಹೇಳಿದಿರಿ, ನಾನು ಮಾಡಿದೆ ಎಂದ. ಡಾಕ್ಟರು ಮೆಲ್ಲನೆ ತಿಳಿಹೇಳಿದರು: ಬಂದವರು ಆರಾಮವಾಗಿ ಕೂಡಬೇಕು. ಕಾಲು ಚಾಚಲಿ, ಬೆನ್ನಿಗೆ ದಿಂಬು ಕೊಡು, ಅವರಿಗೆ ಹೇಗೆ ಆರಾಮವೋ ಹಾಗೆ ಇರಲಿ.

ಆಗಲಿ ಎಂದ ಗದಿಗೆಪ್ಪ.

ಮುಂದಿನ ಸರದಿಗೆ ಹನ್ನೊಂದು ಜನ. ಒಬ್ಬೊಬ್ಬರನ್ನೂ ಕೇಳಿದ, ನಿಮಗೆ ಹೇಗೆ ಆರಾಮ ಎಂದು. ಒಬ್ಬರು ಚಹಾ ಕುಡಿದರೆ ಆರಾಮ ಎಂದರು, ಚಹಾ ತರಿಸಿದ. ಒಬ್ಬರು ಸುಣ್ಣ ತಂಬಾಕು ತಿಕ್ಕಿದರೆ ಆರಾಮ ಎಂದರು, ತಿಕ್ಕಿಕೊಳ್ಳಿ ಎಂದ. ಹೊರಗೆ ಬಿಸಿಲು ನಲವತ್ತು ಡಿಗ್ರಿ. ಈ ಉರಿಗೆ ಅಂಗಾಲಿಗೆ ಹರಳೆಣ್ಣೆ ಹಚ್ಚಿಕೊಂಡರೆ ಅದಕ್ಕಿಂತ ಆರಾಮವಿಲ್ಲ ಎಂದು ಒಬ್ಬ ಅಜ್ಜಿ ಹೇಳಿದ್ದೇ ತಡ, ಉಳಿದವರೆಲ್ಲ ಹೌದು ಹೌದು ಎಂದರು. ನಮ್ಮ ಕಡೆ ಬೇಸಿಗೆಯಲ್ಲಿ ಹರಳೆಣ್ಣೆ ಬೇಡವೆನ್ನುವ ಕಾಲೇ ಇಲ್ಲ. ಇವನು ಓಡಿಹೋಗಿ ಎಣ್ಣೆ ತಂದ. ತಾನು ಮಾತ್ರ ಹಚ್ಚಲಿಲ್ಲ, ಕಾಲು ಮುಟ್ಟಬೇಡ ಎಂದಿದ್ದರಲ್ಲ, ಬಟ್ಟಲನ್ನು ಸಾಲಿನಲ್ಲಿ ದಾಟಿಸಿದ.

ಎಣ್ಣೆ ಹಚ್ಚಿದ ಚರ್ಮ ಆ ಕ್ಯಾಮೆರಾಕ್ಕೆ ಸುಳ್ಳು ಹೇಳುತ್ತದೆ. ಚಹಾ, ತಂಬಾಕು ರಕ್ತಕ್ಕೆ ಸುಳ್ಳು ಹೇಳುತ್ತವೆ. ಹನ್ನೊಂದೂ ಚಿತ್ರಗಳನ್ನು ಡಾಕ್ಟರು ಅಳಿಸಿ ಹಾಕಿದರು. ನಾನಾಗಿದ್ದರೆ ಅಂದೇ ಇವನನ್ನು ಮನೆಗೆ ಕಳಿಸುತ್ತಿದ್ದೆ. ಅವರು ಕಳಿಸಲಿಲ್ಲ. ತಪ್ಪು ತಮ್ಮ ಮಾತಿನಲ್ಲೇ ಇತ್ತು ಎಂದು ನನಗೇ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಹಾಗೆ ಯೋಚಿಸಿರಲಿಲ್ಲ. ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದೇ ಮಾತನ್ನು ಅಳೆದು ಹೇಳಿದರು: ಯಾರನ್ನೂ ಏನೂ ಕೇಳಬೇಡ. ಹದಿನೈದು ನಿಮಿಷ ಕಾಲು ಚಾಚಿ ಕೂತಿದ್ದರೆ ಚಿತ್ರ ತೆಗೆ. ಎಡಗಾಲಿಗೂ ಬಲಗಾಲಿಗೂ ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಮನುಷ್ಯನನ್ನು ಮನೆಗೆ ಹೋಗಲು ಬಿಡಬೇಡ. ಆಗಿಂದಾಗಲೇ ನನ್ನ ಮುಂದೆ ತಂದು ನಿಲ್ಲಿಸು. ಅವರು ಏನೇ ಸಬೂಬು ಹೇಳಲಿ, ಕೇಳಬೇಡ.

ಆಗಲಿ ಎಂದ ಗದಿಗೆಪ್ಪ. ಅಲ್ಲಿಂದ ಮೂರು ವಾರ ಕೆಲಸ ನೀರು ಹರಿದ ಹಾಗೆ ಸಾಗಿತು. ಐದು ನಿಮಿಷವನ್ನು ಹದಿನೈದೆಂದು ಬರೆಯುವುದು ಅವನಿಂದ ಆಗದ ಕೆಲಸ. ಹದಿನಾಲ್ಕೂವರೆಯನ್ನೂ ಹದಿನೈದೆಂದು ಬರೆಯುತ್ತಿರಲಿಲ್ಲ. ಅವನು ತೆಗೆದ ಚಿತ್ರಗಳಷ್ಟು ಚೊಕ್ಕ ಚಿತ್ರಗಳನ್ನು ತಾನು ಕಂಡಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನಾನು ದಿನಾಂಕ ಹಾಕಿ ಬರೆದಿಟ್ಟಿದ್ದೇನೆ.

ಒಂದು ಶನಿವಾರ ಮಧ್ಯಾಹ್ನ ಕಣ್ಣು ಮಂಜಾದ ಅಜ್ಜನೊಬ್ಬ ಬಂದಿದ್ದ. ಅವನನ್ನು ಬಸ್ಸಿಗೆ ಹತ್ತಿಸಿ ಬಾ ಎಂದು ಡಾಕ್ಟರು ಹೇಳಿದರು. ಅಜ್ಜನ ಊರಿನ ಬಸ್ಸು ಬರುವುದು ಮೂರು ತಾಸಿನ ಮೇಲೆ. ಇವನು ಮೂರು ತಾಸೂ ನಿಂತು, ಹತ್ತಿಸಿಯೇ ಬಂದ. ಅಷ್ಟರಲ್ಲಿ ಡಾಕ್ಟರು ಕೋಣೆಗೆ ಬಂದು ನೋಡಿದರೆ ಬಾಗಿಲು ತೆರೆದಿದೆ, ಒಂದು ಕಾರಿನಷ್ಟು ಬೆಲೆಯ ಕ್ಯಾಮೆರಾ ಒಂಟಿಯಾಗಿ ನಿಂತಿದೆ, ರೋಗಿಗಳು ಕಾಲಿಡುವ ಸ್ಟೂಲಿನ ಮೇಲೆ ಬೆಕ್ಕು ಮಲಗಿದೆ, ಪರದೆಯ ತುಂಬ ಕೆಂಪಗೆ ಹೊಳೆಯುತ್ತ ಅದರ ಚಿತ್ರ.

ಅಂದು ಬಿದ್ದ ಬೈಗುಳ ಎಲ್ಲಕ್ಕಿಂತ ಜೋರು. ಇನ್ನು ಮೇಲೆ ಈ ಕ್ಯಾಮೆರಾವನ್ನು ಒಂಟಿಯಾಗಿ ಬಿಡಕೂಡದು, ನೀನು ಎಲ್ಲಿಯೋ ಅದೂ ಅಲ್ಲಿಯೇ ಎಂದರು.

ಆಗಲಿ ಎಂದ ಗದಿಗೆಪ್ಪ. ಅಂದೇ ಸಂಜೆ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಮನೆಗೆ ಬಂದ.

ಕೊಟ್ಟು ಬಾ ಎಂದರೆ ಕೋಣೆಗೆ ಬೀಗ ಬಿದ್ದಿದೆ, ಸೋಮವಾರವೇ ತೆರೆಯುವುದು ಎಂದ. ಊಟಕ್ಕೆ ಕೂತರೆ ತಾಟಿನ ಪಕ್ಕದಲ್ಲಿ ಕ್ಯಾಮೆರಾ. ಸ್ನಾನಕ್ಕೆ ಹೋದರೆ ಬಚ್ಚಲ ಗೂಟದಲ್ಲಿ ಕ್ಯಾಮೆರಾ. ಡಾಕ್ಟರಿಗೆ ಫೋನ್ ಮಾಡಲು ನನಗೆ ನಾಚಿಕೆ. ಸೋಮವಾರ ಬೆಳಿಗ್ಗೆ ಸದ್ದಿಲ್ಲದೆ ಹಿಂದಿರುಗಿಸಿದರಾಯಿತು ಎಂದುಕೊಂಡೆ.

ಏಪ್ರಿಲ್ ೧೦, ಭಾನುವಾರ. ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಪೇಪರು ಓದುತ್ತ ಕೂತಿದ್ದೆ. ಗದಿಗೆಪ್ಪ ಎದುರಿಗೆ ಗೋಡೆ ಗಡಿಯಾರ ನೋಡುತ್ತ ಕೂತಿದ್ದ. ಏನೂ ಕೇಳಲಿಲ್ಲ. ಯಾರನ್ನೂ ಏನೂ ಕೇಳಬೇಡ ಎಂದು ಹೇಳಿಸಿಕೊಂಡಿದ್ದವನು. ಹದಿನೈದು ನಿಮಿಷಕ್ಕೆ ಸರಿಯಾಗಿ ಗುಂಡಿ ಒತ್ತಿದ ಸದ್ದು ಕೇಳಿ ತಲೆ ಎತ್ತಿದೆ. ಪರದೆಯನ್ನು ನನ್ನ ಕಡೆ ತಿರುಗಿಸಿದ. ಬಲಗಾಲು ಪೂರ್ತಿ ಹಸಿರು. ಎಡಗಾಲಿನಲ್ಲಿ ಕಿರುಬೆರಳ ಬುಡಕ್ಕೆ ಕುಂಕುಮ ಒತ್ತಿಟ್ಟಷ್ಟು ಅಗಲ ಕೆಂಪು. ಅಂಕಿ ಓದಿದ: ಬಲಕ್ಕೆ ಇಪ್ಪತ್ತೊಂಬತ್ತು ಪಾಯಿಂಟ್ ಆರು, ಎಡಕ್ಕೆ ಮೂವತ್ತನಾಲ್ಕು ಪಾಯಿಂಟ್ ಎರಡು.

ಬಲದ್ದನ್ನು ಎಡದ್ದರಲ್ಲಿ ಕಳೆದವಳು ನಾನೇ. ನಾಲ್ಕು ಪಾಯಿಂಟ್ ಆರು.

ಓದಿದವಳು ನಾನು, ಸಬೂಬಿಗೆ ಕೊರತೆಯೇ? ಇದು ಇಪ್ಪತ್ನಾಲ್ಕು ಡಿಗ್ರಿಯ ಕೋಣೆಯಲ್ಲ ಎಂದೆ. ಫ್ಯಾನು ಒಂದೇ ಕಡೆ ಬೀಸುತ್ತಿದೆ ಎಂದೆ. ನೋವೇ ಇಲ್ಲ ಎಂದೆ. ಮುಂದಿನ ವಾರ ನಾನಾಗಿಯೇ ಹೋಗಿ ತೋರಿಸುತ್ತೇನೆ ಎಂದೆ.

"ಸಬೂಬು ಕೇಳಬ್ಯಾಡ ಅಂದಾರವ್ವಾ. ಆಗಿಂದಾಗ ತರಬೇಕಂತ."

ನಾನು ಮಂಚದಿಂದ ಇಳಿಯಲಿಲ್ಲ. ಇಳಿಯಲು ಅವನೂ ಬಿಡಲಿಲ್ಲ. ಕಾಲು ಮುಟ್ಟಕೂಡದು, ಕಾಲಿಗೆ ಗಾಳಿ ಬಿಟ್ಟು ಏನೂ ತಾಗಕೂಡದು, ಕ್ಯಾಮೆರಾ ಒಂಟಿಯಾಗಿ ಬಿಡಕೂಡದು, ಅವ್ವನನ್ನು ತಡಮಾಡದೆ ತರಬೇಕು. ಎಲ್ಲ ಬುದ್ಧಿಮಾತನ್ನೂ ಕೂಡಿಸಿ ಅವನು ಕಂಡುಕೊಂಡ ದಾರಿ ಒಂದೇ. ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡ. ಜೋಳದ ಚೀಲ ಎತ್ತಿದ ಹಾಗೆ ನನ್ನನ್ನು ಎತ್ತಿ ಭುಜದ ಮೇಲೆ ಕೂಡಿಸಿಕೊಂಡ. ಮೊಣಕಾಲ ಮೇಲೆ ಒಂದು ಕೈ, ಬೆನ್ನಿಗೆ ಒಂದು ಕೈ, ಎರಡೂ ಅಂಗಾಲು ಮುಂದಕ್ಕೆ. ಹಾಗೇ ಬೀದಿಗೆ ಇಳಿದ.

ಡಾಕ್ಟರ ಮನೆ ಇರುವುದು ಪೇಟೆಯ ಆಚೆ ತುದಿಗೆ. ಅಂದು ಸಂತೆ. ಬೈದೆ, ಬೇಡಿಕೊಂಡೆ, ತಲೆಗೆ ಪೇಪರಿನಿಂದ ಬಡಿದೆ. ಅವನು ನಡೆದೇ ನಡೆದ. ನನ್ನ ಕೈಯಲ್ಲಿ ಕಲಿತವರು ಆ ಪೇಟೆಯಲ್ಲಿ ಅಂಗಡಿಗೊಬ್ಬರು. ನಮಸ್ಕಾರ ಅಕ್ಕೋರ ಎಂದು ಎದ್ದು ನಿಂತರು. ಮೂವತ್ತು ವರ್ಷದ ಅಭ್ಯಾಸ, ನಾನು ಭುಜದ ಮೇಲಿನಿಂದಲೇ ನಮಸ್ಕಾರ ಎಂದೆ. ಕಿರಾಣಿ ಅಂಗಡಿಯ ಮುದಕಪ್ಪ, ೧೯೮೮ರ ಹತ್ತನೇ ಇಯತ್ತೆಯವನು, ಇದೇನೋ ಮೆರವಣಿಗೆ ಎಂದುಕೊಂಡು ಓಡಿಬಂದು ನನ್ನ ಪಾದ ಮುಟ್ಟಲು ಕೈ ಚಾಚಿದ. ಗದಿಗೆಪ್ಪ ನನ್ನ ಸಮೇತ ಹಿಂದಕ್ಕೆ ಜಿಗಿದ.

"ಮುಟ್ಟಬ್ಯಾಡ್ರಿ. ಗಾಳಿ ಅಷ್ಟ ತಾಗಬೇಕು."

ಡಾಕ್ಟರು ಹಿಟ್ಟಿನ ಕೈಯಲ್ಲಿ ಬಾಗಿಲು ತೆರೆದರು. ಕೊರಳಲ್ಲಿ ಕ್ಯಾಮೆರಾ, ಭುಜದ ಮೇಲೆ ನಾನು. ಯಾವುದಕ್ಕೆ ಮೊದಲು ಬೈಯಬೇಕೆಂದು ಅವರಿಗೆ ತೋಚಲಿಲ್ಲ. ಇವನು ಪರದೆ ತೋರಿಸಿದ. ಅವರ ಮುಖ ಬದಲಾಯಿತು. ಕೈ ತೊಳೆದು ಬಂದು ನನ್ನ ಕಿರುಬೆರಳ ಬುಡದ ಗಟ್ಟಿ ಚರ್ಮವನ್ನು ಒತ್ತಿ ಒತ್ತಿ ನೋಡಿದರು. ನೋವಿಲ್ಲ ಎಂದು ಆಗಲೂ ಹೇಳಿದೆ.

"ನೋವಿಲ್ಲಂತನ ನಾನು ಹೆದರೋದು, ಅಕ್ಕೋರ" ಎಂದರು.

ಗಟ್ಟಿ ಚರ್ಮದ ಕೆಳಗೆ ಕೀವು ಕಟ್ಟಿ ಎಲುಬು ಮುಟ್ಟಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ. ಅಂದೇ ಆಸ್ಪತ್ರೆಗೆ ಸೇರಿಸಿದರು, ಮಂಗಳವಾರ ಬೆರಳು ತೆಗೆದರು. ಇನ್ನೆರಡು ವಾರ ಬಿಟ್ಟಿದ್ದರೆ ಮೊಣಕಾಲ ಮಾತು ಆಡಬೇಕಾಗುತ್ತಿತ್ತು ಎಂದರು. ಕ್ಯಾಮೆರಾ ಮನೆಗೆ ಒಯ್ದದ್ದಕ್ಕೆ ಗದಿಗೆಪ್ಪನನ್ನು ಚೆನ್ನಾಗಿ ಬೈದರು, ಬೈದಾದ ಮೇಲೆ ತಮ್ಮ ಮನೆಯಲ್ಲೇ ಊಟಕ್ಕೆ ಕೂಡಿಸಿದರು. ನನ್ನ ಕಾಲಿನ ಆ ಚಿತ್ರವನ್ನು ಮಾತ್ರ ಸಂಶೋಧನೆಗೆ ಸೇರಿಸಿಕೊಳ್ಳಲಿಲ್ಲ. ತೆಗೆಯುವ ಮುಂಚೆ ನಾನು ಒಪ್ಪಿಗೆಯ ಸಹಿ ಹಾಕಿರಲಿಲ್ಲವಂತೆ. ಈಗ ಹಾಕುತ್ತೇನೆ ಎಂದೆ. ಈಗ ಹಾಕಿದರೆ ಈಗಿನ ಚಿತ್ರಕ್ಕೆ ಲೆಕ್ಕ, ಹಿಂದಿನದಕ್ಕಲ್ಲ ಎಂದರು. ಆ ಮಾತು ಕೇಳಿದ ಮೇಲೆ ಆ ಹೆಣ್ಣುಮಗಳ ಯಾವ ಲೆಕ್ಕವನ್ನೂ ನಾನು ಮರುಪರೀಕ್ಷೆ ಮಾಡಿಲ್ಲ.

ಏಪ್ರಿಲ್ ೨೧ರಂದು ಮನೆಗೆ ಕಳಿಸುವಾಗ ಡಾಕ್ಟರು ಗದಿಗೆಪ್ಪನಿಗೆ ಕಡೆಯ ಬುದ್ಧಿಮಾತು ಹೇಳಿದರು. ಕ್ಯಾಮೆರಾ ಬೇಡ, ಕಣ್ಣೇ ಸಾಕು. ದಿನಾ ಬೆಳಿಗ್ಗೆ ಅವ್ವನ ಎರಡೂ ಪಾದ ಅಕ್ಕಪಕ್ಕ ಇರಿಸಿ ನೋಡು. ಒಂದು ಕಾಲಿನ ಹಾಗೆ ಇನ್ನೊಂದು ಇಲ್ಲ ಎಂದು ಕಂಡರೆ ಒಂದು ಗಳಿಗೆಯೂ ತಡ ಮಾಡದೆ ಕರೆದುಕೊಂಡು ಬಾ.

ಆಗಲಿ ಎಂದ ಗದಿಗೆಪ್ಪ.

ಮರುದಿನ ಬೆಳಿಗ್ಗೆ ಟವೆಲ್ ಹಾಸಿ ನನ್ನ ಎರಡೂ ಪಾದ ಅಕ್ಕಪಕ್ಕ ಇರಿಸಿದ. ಬಗ್ಗಿ ನೋಡಿದ. ಎದ್ದು ಆ ಕಡೆಯಿಂದ ನೋಡಿದ. ಬೆರಳು ಮಡಿಚಿ ಎಣಿಸಿದ. ಅವನ ಮುಖ ಸಣ್ಣದಾಯಿತು.

"ಅವ್ವಾ, ಬಲಗಾಲಾಗ ಐದ ಅದಾವ. ಎಡಗಾಲಾಗ ನಾಕ."

ನಾನು ಸಬೂಬು ಹೇಳಲಿಲ್ಲ. ಕಣ್ಣಿಗೆ ಚಾಳೀಸು ಏರಿಸಿಕೊಂಡೆ, ಸೆರಗು ಸಿಕ್ಕಿಸಿಕೊಂಡೆ. ಮತ್ತೆ ಅದೇ ಭುಜ, ಅದೇ ಪೇಟೆ, ಅದೇ ನಮಸ್ಕಾರ. ಡಾಕ್ಟರು ಗಾಬರಿಯಿಂದ ಓಡಿಬಂದರು. ಇವನು ವ್ಯತ್ಯಾಸ ತೋರಿಸಿದ. ಅವರು ನನ್ನ ಮುಖ ನೋಡಿದರು, ಅವನ ಮುಖ ನೋಡಿದರು, ಕಟ್ಟನ್ನು ಬಿಚ್ಚಿ ಗಾಯವನ್ನು ಪೂರ್ತಿ ಪರೀಕ್ಷಿಸಿ, ಸರಿಯಾಗಿ ಎಣಿಸಿದ್ದೀ ಎಂದು ಅವನ ಬೆನ್ನು ತಟ್ಟಿದರು.

ಇದಕ್ಕೆಲ್ಲ ಕಡೆಗೆ ತಗಲಿದ್ದು: ನನ್ನ ಎಡಗಾಲಿನ ಕಿರುಬೆರಳು, ಆಸ್ಪತ್ರೆಯಲ್ಲಿ ಹನ್ನೊಂದು ದಿನ, ಔಷಧಿ ಮತ್ತು ಮೆತ್ತನೆಯ ಚಪ್ಪಲಿ ಸೇರಿ ಹದಿನಾರು ಸಾವಿರದ ನಾನೂರ ಎಪ್ಪತ್ತು ರೂಪಾಯಿ. ಡಾಕ್ಟರಿಗೆ ಮೂವತ್ತೊಂದು ಜನರ ಚಿತ್ರಗಳು, ಅವನ್ನು ಮತ್ತೆ ತೆಗೆಯಲು ಐದು ವಾರ. ಗದಿಗೆಪ್ಪನಿಗೆ ಏನೂ ತಗಲಲಿಲ್ಲ.